ಹುಳಿ ಬಾರದ ಮಜ್ಜಿಗೆ

ಮೊನ್ನೆ ರವಿವಾರ ಮಧ್ಯಾಹ್ನ ನನ್ನ ಮೊಮ್ಮಗಳು ಕುಸ್ತಿ ಗೆದ್ದು ಬಂದು ನನ್ನ ಕೊರಳಿಗೆ ಬಿದ್ದಳು. ಮೈತುಂಬ ಕೆಂಪು ಮಣ್ಣು. ತಲೆಯಲ್ಲಿ ಮಣ್ಣು, ಕಿವಿಯಲ್ಲಿ ಮಣ್ಣು, ನಕ್ಕರೆ ಹಲ್ಲಿನ ಸಂದಿಯಲ್ಲೂ ಮಣ್ಣು. ನಾನು ಆಗಷ್ಟೇ ಉಟ್ಟಿದ್ದ ಒಗೆದ ಸೀರೆ ಕೆಟ್ಟುಹೋಯಿತು. ಹೋದರೆ ಹೋಗಲಿ, ಇಂಥ ಹತ್ತು ಸೀರೆ ಹೋಗಲಿ! ಮುಧೋಳದ ಹುಡುಗಿಯನ್ನು ಬೆನ್ನು ಮಣ್ಣಿಗೆ ತಾಗುವ ಹಾಗೆ ಕೆಡವಿ ಬಂದ ಕೂಸು ಅದು. ಆ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲಲೊಲ್ಲದು. ಹಾಲು ಹಾಕುವವನಿಗೆ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ದಾರಿ ಕೇಳಲು ನಿಂತ ಯಾರೋ ಪರವೂರಿನವರಿಗೂ ಹೇಳಿದೆ. ಅವರು ಪಾಪ, ದಾರಿ ಕೇಳುವುದನ್ನೇ ಮರೆತು ಹೋದರು.

ಆದರೆ ಕೂಸು ನನ್ನನ್ನು ಅವುಚಿಕೊಂಡಾಗ ಆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು ನೋಡಿ... ಅರಿಶಿನ, ಲಿಂಬೆಹಣ್ಣು, ಎಣ್ಣೆ, ಅದೆಲ್ಲದರ ಮೇಲೆ ಹುಳಿ ಮಜ್ಜಿಗೆ. ಕುಸ್ತಿ ಕಣದ ಮಣ್ಣಿಗೆ ಇದನ್ನೆಲ್ಲ ಕಲಸುತ್ತಾರೆ. ಆ ವಾಸನೆ ನನಗೆ ಮಣ್ಣಿನದಲ್ಲ. ಅದು ನಮ್ಮ ಎದುರುಮನೆ ಅಕ್ಕನ ಸೆರಗಿನ ವಾಸನೆ. ಇಷ್ಟು ವರ್ಷ ಅದನ್ನು ಮೂಸಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಚುರ್ ಅನ್ನುತ್ತಿತ್ತು. ಮೊನ್ನೆಯೂ ಅಂದಿತು.

ನಾನು ಬನಹಟ್ಟಿಗೆ ಮದುವೆಯಾಗಿ ಬಂದಾಗ ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಮಗ್ಗದ ಸದ್ದು. ಎದುರುಮನೆಯಲ್ಲಿ ಮಾತ್ರ ಸದ್ದೇ ಬೇರೆ. ಅಲ್ಲಿ ಬೆಳಗಾಗುವ ಮೊದಲೇ ಹುಡುಗರು ಬೈಠಕ್ ಹೊಡೆಯುತ್ತಿದ್ದರು. ಅಕ್ಕನ ಗಂಡ ಊರ ಗರಡಿಯ ವಸ್ತಾದ, ಪೈಲವಾನರಿಗೆ ಕುಸ್ತಿ ಕಲಿಸುವವರು. ಅಕ್ಕ ಎತ್ತರದ ಹೆಂಗಸು, ದೊಡ್ಡ ಕೈ, ದೊಡ್ಡ ದನಿ. ಅವಳು ನಕ್ಕರೆ ನಮ್ಮ ಮನೆಯ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಕೂರುತ್ತಿತ್ತು. ನಾನೋ ಕುಳ್ಳಿ, ನೀರು ತುಂಬಿದ ಕೊಡ ಹೊತ್ತರೆ ಕೊಡ ಯಾವುದು ನಾನು ಯಾವುದು ಎಂದು ಕೇಳುವ ಹಾಗೆ ಇದ್ದೆ.

ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆಯಿಂದ ಪೈಲವಾನರು ಅವಳ ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ಬಗ್ಗಿ ಒಳಗೆ ಬರಬೇಕಾದಂಥ ಗಂಡಸರು. ಬಂದವರೇ "ಅವ್ವಾ" ಎಂದು ಅವಳ ಕಾಲಿಗೆ ಬೀಳುತ್ತಿದ್ದರು. ನಾನು ಕಸ ಗುಡಿಸುವವಳ ಹಾಗೆ ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಒಂದೇ ಅಂಗಳವನ್ನು ನಾನು ಎಷ್ಟು ಸಲ ಗುಡಿಸಿದ್ದೇನೋ... ನನ್ನ ಕಾಲಿಗೆ ಯಾರು ಬೀಳುತ್ತಾರೆ? ಬೆಕ್ಕು ಬೀಳುತ್ತಿತ್ತು, ಹಾಲು ಕರೆದ ಹೊತ್ತಿಗೆ.

ನಮ್ಮ ಮನೆಯಲ್ಲಿ ಕಬಡ್ಡಿ. ನಮ್ಮ ಮನೆಯವರು ಮಗ್ಗದ ಹುಡುಗರನ್ನು ಕೂಡಿಸಿ ತಂಡ ಕಟ್ಟಿದ್ದರು. ಮುಂದೆ ನನ್ನ ಮಗನೇ ಆ ತಂಡದ ಕ್ಯಾಪ್ಟನ್ ಆದ. ಒಂದು ವರ್ಷ ಅವರಿಗೆಲ್ಲ ದೊಡ್ಡ ಆಸೆ ಬಂತು. ಸುತ್ತಲಿನ ಊರುಗಳ ತಂಡ ಕರೆಸಿ ನಮ್ಮೂರ ಮೈದಾನದಲ್ಲಿ ಕಬಡ್ಡಿ ಪಂದ್ಯ ಮಾಡುವುದು, ಬಂದವರಿಗೆಲ್ಲ ಊಟ ನಮ್ಮ ಮನೆಯಲ್ಲಿ. ಅವರು ಇದನ್ನು ಹೇಳಿದ ದಿನ ನಾನು ಎದುರುಮನೆಯ ಕಡೆಗೆ ನೋಡಿ ಮನಸ್ಸಿನಲ್ಲೇ ಅಂದುಕೊಂಡೆ, ಈ ಸಲ ಜನ ನಿನ್ನ ಬಾಗಿಲಿಗೆ ಬೆನ್ನು ಮಾಡಿ ನನ್ನ ಬಾಗಿಲಿಗೆ ಬರುತ್ತಾರೆ, ನೋಡುತ್ತಿರು.

ಊರಿಗೆ ಇದ್ದದ್ದು ಒಂದೇ ಮೈದಾನ. ಅದನ್ನು ನೋಡಿಕೊಳ್ಳುವ ಒಬ್ಬರು ಹಿರಿಯರಿದ್ದರು, ಯಾರಿಗೂ ಇಲ್ಲ ಅನ್ನದ ಮನುಷ್ಯ. ನಮ್ಮ ಹುಡುಗರು ಹೋಗಿ ತಿಂಗಳ ಕೊನೆಯ ರವಿವಾರ ಕೇಳಿದರು. ಆತು, ಮಾಡ್ಕೋರಿ ಅಂದರು. ಗರಡಿಯವರು ಹೋಗಿ ಯುಗಾದಿ ಕರಿಯ ದಿನ ಕೇಳಿದರು, ಅಂದರೆ ಹಬ್ಬದ ಮರುದಿನ. ಅವರಿಗೂ ಆತು, ಮಾಡ್ಕೋರಿ ಅಂದರು. ಕುಸ್ತಿಯವರು ತಿಥಿಯ ಮೇಲೆ ನಡೆಯುವವರು, ಕಬಡ್ಡಿಯವರು ಕ್ಯಾಲೆಂಡರಿನ ಮೇಲೆ. ಆ ವರ್ಷ ಕರಿ ಬಂದದ್ದು ಅದೇ ರವಿವಾರ! ಇದು ಹಿರಿಯರಿಗೂ ಹೊಳೆಯಲಿಲ್ಲ, ಹುಡುಗರಿಗೂ ಹೊಳೆಯಲಿಲ್ಲ. ಹಬ್ಬ ಹತ್ತಿರ ಬಂದು, ನಾನು ಹೋಳಿಗೆಗೆ ಕಡಲೆಬೇಳೆ ಆರಿಸುತ್ತ ಕೂತಾಗ ನಮ್ಮ ಮನೆಯವರು ಮುಖ ಇಳಿಸಿಕೊಂಡು ಬಂದರು.

"ಕೆಟ್ಟಿತಲ್ಲ! ಕುಸ್ತಿನೂ ಅವತ್ತ, ಕಬಡ್ಡಿನೂ ಅವತ್ತ."

"ಅವರಿಗೆ ಮುಂದ ಹಾಕೋರಿ ಅನ್ರಿ," ಅಂದೆ ನಾನು.

"ಪೈಲವಾನರನ್ನ ವೀಳ್ಯೆ ಕೊಟ್ಟ ಕರದಾಗೇತಿ. ಕರಿ ಬಿಟ್ಟು ಕುಸ್ತಿ ಎಲ್ಲೆರ ಮಾಡತಾರೇನ?"

"ಹಂಗಾರ ನಮ್ಮದು?"

ನಮ್ಮ ತಂಡಗಳಿಗೂ ಹೇಳಿಕಳುಹಿಸಿ ಆಗಿತ್ತು. ಕುಸ್ತಿಯ ಕಣ ಇದ್ದದ್ದು ಮೈದಾನದ ನಡುವೆ, ಹುಡುಗರು ಕಬಡ್ಡಿಗೆ ಸುಣ್ಣದ ಗೆರೆ ಎಳೆಯುವುದು ಅದರ ಪಕ್ಕದಲ್ಲೇ. ಕುಸ್ತಿ ಶುರುವಾಯಿತೆಂದರೆ ಹಲಗೆ ಬಾರಿಸುವ ಸದ್ದು, ಸುತ್ತ ಊರಿಗೆ ಊರೇ ಗುಂಪು. ಸುಣ್ಣದ ಗೆರೆ ಜನರ ಕಾಲಡಿಗೇ ಹೋಗುತ್ತಿತ್ತು. ನನ್ನ ಮಗನ ಆಟ ಯಾರು ನೋಡುತ್ತಾರೆ? ನನ್ನ ಬಾಗಿಲಿಗೆ ಯಾರು ಬರುತ್ತಾರೆ? ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಎದುರುಮನೆಯಿಂದ ಅಕ್ಕನ ನಗು ಕೇಳುತ್ತಿತ್ತು. ನಗು, ನಗು, ನಿನಗೇನು...

ಈಗ ನಮ್ಮೂರ ಗರಡಿಯ ಒಂದು ಪದ್ಧತಿ ಹೇಳಬೇಕು. ಕಣದ ಮಣ್ಣನ್ನು ಎಷ್ಟೇ ಹದ ಮಾಡಿದ್ದರೂ, ಕುಸ್ತಿಯ ದಿನ ಬೆಳಗ್ಗೆ ವಸ್ತಾದರ ಮನೆಯ ಹೆಂಗಸು ಒಂದು ತಾಮ್ರದ ಕೊಡದಲ್ಲಿ ಹುಳಿ ಮಜ್ಜಿಗೆ ತಂದು ಕಣಕ್ಕೆ ಹೊಯ್ಯಬೇಕು. ಅದನ್ನು ಹೊಯ್ದರೆ ಕಣ ತೆರೆಯಿತು. ಆಮೇಲೆ ಕುಸ್ತಿ ಮುಗಿಯುವವರೆಗೆ ಯಾರೂ ಚಪ್ಪಲಿ ಮೆಟ್ಟಿ ಅದನ್ನು ದಾಟುವ ಹಾಗಿಲ್ಲ. ಹೊಯ್ಯದಿದ್ದರೆ ಎಂಥ ಪೈಲವಾನ ಬಂದರೂ ಕಾಲಿಡುವ ಹಾಗಿಲ್ಲ. ಆ ಕೊಡ ಅಕ್ಕನ ಕೈಯಲ್ಲಿತ್ತು.

ಕರಿಯ ದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದೆ. ಅಕ್ಕ ಆ ಕೊಡ ಸೊಂಟದ ಮೇಲಿಟ್ಟುಕೊಂಡು ನಮ್ಮ ಮನೆಯೊಳಗೆ ಬಂದಳು. ಕೊಡವನ್ನು ನನ್ನ ಒಲೆಯ ಪಕ್ಕದಲ್ಲಿಟ್ಟು ಕಾಲು ಚಾಚಿ ಕೂತಳು.

"ಏಳ ತಂಗಿ. ಹೋಗಿ ಮಗನ ಆಟ ನೋಡ. ರೊಟ್ಟಿ ನಾ ಬಡೀತೀನಿ."

"ನಿನ್ನ ಕುಸ್ತಿ?"

"ಮಜ್ಜಿಗಿ ಇನ್ನೂ ಹುಳಿ ಬಂದಿಲ್ಲ."

ನಾನು ಕೊಡದ ಬಾಯಿಗೆ ಮೂಗು ಒಡ್ಡಿದೆ. ಕಣ್ಣಲ್ಲಿ ನೀರು ಬರುವಷ್ಟು ಹುಳಿ.

"ಅಕ್ಕಾ, ಇದು..."

"ಬಂದಿಲ್ಲ ಅಂದೆ ಇಲ್ಲೋ? ಏಳ ಅಲ್ಲಿಂದ!"

ಎದ್ದು ಹೋದೆ. ಮೈದಾನದ ಪಕ್ಕದ ಮನೆಯೊಂದರ ಮಾಳಿಗೆಯ ಮೇಲೆ ಹೆಂಗಸರು ನಿಂತಿದ್ದರು, ನಾನೂ ಹತ್ತಿದೆ. ಕುಸ್ತಿ ನೋಡಲು ಬಂದ ಜನ ಎಲ್ಲಾ ಕಡೆ ತುಂಬಿಕೊಂಡಿದ್ದರು. ಗಲಗಲಿ, ತೇರದಾಳದ ಕಡೆಯಿಂದಲೂ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದರು. ಕಣ ತೆರೆಯಲಿಲ್ಲ. ಬಂದ ಜನ ಸುಮ್ಮನೆ ಕೂರುತ್ತಾರೆಯೇ? ಪಕ್ಕದಲ್ಲಿ ಸುಣ್ಣದ ಗೆರೆ ಕಂಡಿತು, ಹುಡುಗರು ತೊಡೆ ತಟ್ಟುವುದು ಕಂಡಿತು, ಎಲ್ಲರೂ ಆ ಕಡೆಗೆ ತಿರುಗಿದರು. ಹಲಗೆಯವರಿಗೂ ಬೇಜಾರಾಗಿ ಅವರೂ ಕಬಡ್ಡಿಗೇ ಹಲಗೆ ಬಾರಿಸಿದರು. ಅಷ್ಟು ಜನ ಕಬಡ್ಡಿ ನೋಡಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ನನ್ನ ಮಗ ಜಮಖಂಡಿಯವರ ಗೆರೆಯೊಳಗೆ ನುಗ್ಗಿದಾಗಲೆಲ್ಲ ಮಾಳಿಗೆ ಅಲುಗಾಡುವ ಹಾಗೆ ಕೂಗು. ನಾನು ಪಕ್ಕದಲ್ಲಿ ನಿಂತವಳ ಕೈ ಹಿಂಡಿ ಹಿಂಡಿ ಅವಳ ಬಳೆ ಒಡೆದೆ.

ಅತ್ತ ನಮ್ಮ ಮನೆಯಲ್ಲಿ ನಡೆದದ್ದನ್ನು ಆಮೇಲೆ ನಮ್ಮ ನಾದಿನಿ ಹೇಳಿದಳು. ಗರಡಿಯ ಹುಡುಗರು ಒಬ್ಬರ ಹಿಂದೊಬ್ಬರು ಬಂದರಂತೆ. "ಅವ್ವಾ, ಜನ ಕಾಯಾಕತ್ತಾರ." ಅಕ್ಕ ರೊಟ್ಟಿ ತಿರುವುತ್ತಲೇ, "ಎಳೀ ಮಜ್ಜಿಗಿ ಹಾಕಿದ್ರ ಮಣ್ಣ ಪೈಲವಾನನ್ನ ಹಿಡಿಯಾಂಗಿಲ್ಲೋ ತಮ್ಮಾ. ಕಾಲ ಜಾರಿ ಮೊಣಕಾಲ ಮುರಕೊಂಡ್ರ ನೀ ಕಟ್ಟತೀ ಏನ?" ಎಂದು ಕಳುಹಿಸುತ್ತಿದ್ದಳಂತೆ. ಕೊನೆಗೆ ವಸ್ತಾದರೇ ಬಂದರು. ಮೀಸೆಯ ಮೇಲೆ ಕೈ, ಕಣ್ಣು ಕೆಂಪು. ನನ್ನ ನಾದಿನಿ ಹೆದರಿ ಬಾಗಿಲ ಹಿಂದೆ ನಿಂತಳಂತೆ. ವಸ್ತಾದರು ಕೊಡದೊಳಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟರು. ಹುಳಿಗೆ ಮುಖವೆಲ್ಲ ಕಿವುಚಿಹೋಯಿತು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಬೆರಳನ್ನು ಧೋತರಕ್ಕೆ ಒರೆಸಿಕೊಂಡು, "ಹೌದು... ಎಳೀದ ಐತಿ" ಎಂದು ಹೊರಗೆ ಹೋದರಂತೆ.

ಕಬಡ್ಡಿ ಮುಗಿಯಿತು. ನಾವೇ ಗೆದ್ದೆವು! ಆಮೇಲೆ ಅಕ್ಕನ ಮಜ್ಜಿಗೆಗೆ ಹುಳಿ ಬಂತು. ಬಿಸಿಲು ಇಳಿಯುವ ಹೊತ್ತಿಗೆ ಕಣ ತೆರೆಯಿತು, ಕುಸ್ತಿಯೂ ಆಯಿತು. ಎರಡೂ ಆದವು, ಯಾರ ಮನಸ್ಸೂ ಮುರಿಯಲಿಲ್ಲ. ಇದನ್ನೆಲ್ಲ ಕಂಡು ನನಗೆ ಸಂತೋಷ ಆಗಬೇಕಿತ್ತು ಅನ್ನುತ್ತೀರಿ. ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಡುವೆ ನಡೆದದ್ದನ್ನೂ ಕೇಳಿ.

ಕಬಡ್ಡಿ ಮುಗಿದ ಕೂಡಲೇ ನಾನು ಮಾಳಿಗೆ ಇಳಿದು ಮನೆಗೆ ಬರುವಷ್ಟರಲ್ಲಿ ಪರವೂರಿನ ಕಬಡ್ಡಿ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಬಡಿಸುತ್ತಿದ್ದವಳು ಅಕ್ಕ. ನನ್ನ ಹಿಟ್ಟು, ನನ್ನ ಹಂಚು, ನಾನು ರುಬ್ಬಿದ ಶೇಂಗಾ ಚಟ್ನಿ, ನಸುಕಿನಲ್ಲಿ ಎದ್ದು ನಾನು ಮಾಡಿದ ಹೋಳಿಗೆ. ಹುಡುಗರು ಬೆರಳು ನೆಕ್ಕುತ್ತ, "ಅವ್ವಾ, ನಿಮ್ಮ ಕೈಯಾಗಿನ ರುಚಿ ಎಲ್ಲೂ ಇಲ್ಲರಿ!" ಅನ್ನುತ್ತಿದ್ದರು. ಅಕ್ಕ, "ನಂದಲ್ಲರೋ, ಈಕಿದು" ಎಂದು ನನ್ನ ಕಡೆ ಕೈ ಮಾಡಿದಳು. ಹುಡುಗರು ನನ್ನನ್ನು ನೋಡಿ, ಹೌದೇನ್ರಿ ಎಂದು ಮತ್ತೆ ಅವಳಿಗೇ, "ಅವ್ವಾ, ಇನ್ನೊಂದ ಹೋಳಿಗಿ" ಅಂದರು.

ಅಷ್ಟರಲ್ಲಿ ಹೊರಗೆ ಗದ್ದಲ. ನನ್ನ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಮುಖಕ್ಕೆಲ್ಲ ಗುಲಾಲು, ಕೈಯಲ್ಲಿ ಶೀಲ್ಡ್. ನಾನು ಸೆರಗು ಸರಿ ಮಾಡಿಕೊಂಡು ಹೊಸ್ತಿಲ ಮೇಲೆ ನಿಂತೆ. ನನ್ನ ಕಾಲುಗಳನ್ನು ಸ್ವಲ್ಪ ಮುಂದಕ್ಕೆ ಇಟ್ಟೇ ನಿಂತೆ ಅನ್ನಿ. ಅವನು ಹೆಗಲಿಂದ ಜಿಗಿದ, ನನ್ನ ಮಗ್ಗುಲಿಂದ ಒಳಗೆ ಹೋದ, ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಅಕ್ಕನ ಕಾಲಿಗೆ ಬಿದ್ದ.

"ದೊಡ್ಡವ್ವಾ, ನೀ ಇಲ್ಲಂದ್ರ ಇವತ್ತ..." ಎಂದು ಶೀಲ್ಡನ್ನು ಅವಳ ಕಾಲ ಬಳಿ ಇಟ್ಟ.

ಆಮೇಲೆ ನನ್ನ ಕಾಲಿಗೂ ಬಿದ್ದ. ಆಮೇಲೆ! ಹೆತ್ತವಳು ನಾನು. ಎರಡನೆಯ ಸಾಲಿನಲ್ಲಿ ನಿಂತವಳ ಹಾಗೆ ಆಶೀರ್ವಾದ ಮಾಡಿದೆ. ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯದ್ದು ಯಾವುದಿತ್ತು? ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಮೊದಲ ಹೆತ್ತಾಕಿ ಕಾಲ ಹಿಡಿಬೇಕೋ ಮಬ್ಬಾ!" ಅಂದಳು. ಅದು ಇನ್ನೂ ಉರಿಯಿತು ನನಗೆ. ನನ್ನ ಪಾಲಿನ ಮರ್ಯಾದೆಯನ್ನೂ ಅವಳೇ ಕೊಡಿಸಬೇಕಾಯಿತಲ್ಲ.

ಅಲ್ಲಿಂದ ಮುಂದೆ ನಮ್ಮ ಓಣಿಯಲ್ಲಿ ಯಾರಾದರೂ ಬೇಕೆಂದೇ ತಡ ಮಾಡಿದರೆ, "ಮಜ್ಜಿಗಿ ಹುಳಿ ಬಂದಿಲ್ಲೇನ?" ಎಂದು ಕೇಳುವುದು ರೂಢಿಯಾಯಿತು. ಆ ದಿನ ನನ್ನ ಮಗ ಎಷ್ಟು ಪಾಯಿಂಟು ತಂದ ಎಂದು ಒಬ್ಬರಿಗೂ ನೆನಪಿಲ್ಲ. ನನ್ನ ಹೋಳಿಗೆಯಂತೂ ಬಿಡಿ...

ವರ್ಷಗಳು ಹೋದವು. ವಸ್ತಾದರು ಹೋದರು, ನಮ್ಮ ಮನೆಯವರೂ ಹೋದರು. ನಾವಿಬ್ಬರೂ ಎದುರುಬದುರು ಕಟ್ಟೆಯ ಮೇಲೆ ಕೂತು ಮುದುಕಿಯರಾದೆವು. ನನಗೆ ಮೊಮ್ಮಗಳು ಹುಟ್ಟಿದಳು. ಈಗ ಬಾರಿ ನನ್ನದು ಅಂದುಕೊಂಡೆ. ಈ ಕೂಸನ್ನು ಯಾರೂ ಕಸಿಯಲಾರರು. ಆದರೆ ಕೂಸಿಗೆ ಕಾಲು ಬಂದದ್ದೇ ತಡ, ರಸ್ತೆ ದಾಟಿ ಎದುರುಮನೆಗೆ ಹೋಯಿತು! ಅಕ್ಕ ಅದಕ್ಕೆ ನೆನೆಸಿದ ಬಾದಾಮಿ ತಿನ್ನಿಸುವಳು, ಅಂಗಳದಲ್ಲಿ ನಿಲ್ಲಿಸಿ, "ಕಾಲ ಅಗಲ ಇಡ, ಸೊಂಟ ಬಗ್ಗಸ, ಕಣ್ಣ ನನ್ನ ಎದಿ ಮ್ಯಾಗ" ಎಂದು ಕಲಿಸುವಳು. ವಸ್ತಾದರ ಹೆಂಡತಿಯಾಗಿ ಬಾಗಿಲಲ್ಲಿ ನಿಂತು ನೋಡಿ ನೋಡಿ ಕಲಿತದ್ದನ್ನೆಲ್ಲ ಆ ಕೂಸಿಗೆ ಸುರಿದಳು. ನಾನು ಕಬಡ್ಡಿ ಹೇಳಿಕೊಡಲು ಹೋದರೆ, "ಆಯಿ, ನಿನಗ ಉಸಿರ ಹತ್ತತೈತಿ, ಕುಂಡ್ರ" ಅನ್ನುತ್ತಿತ್ತು.

ಹೋದ ದೀಪಾವಳಿಗೆ ಮುಂಚೆ ಅಕ್ಕ ಹಾಸಿಗೆ ಹಿಡಿದಳು. ಆ ದೊಡ್ಡ ಕೈಗಳು ಹಗುರಾಗಿದ್ದವು. ನಾನು ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ದಿನ ಸೊಸೆಗೆ ಹೇಳಿ ಆ ತಾಮ್ರದ ಕೊಡ ತರಿಸಿದಳು. ನಾನು ಕೈ ಚಾಚಿದೆ, ಜೀವಮಾನವೆಲ್ಲ ಎದುರಿಗೇ ಇದ್ದವಳು ನಾನಲ್ಲವೇ. ಅವಳು ಕಣ್ಣು ತಿರುಗಿಸಿ ನನ್ನ ಮೊಮ್ಮಗಳನ್ನು ಹುಡುಕಿದಳು. "ಇದು ಕೂಸಿಗೆ," ಅಂದಳು. ಆಮೇಲೆ ನನ್ನ ಕಡೆಗೆ ನೋಡಿ ಸಣ್ಣಗೆ ನಕ್ಕಳು. "ನಿನಗ ಕೊಟ್ರ ಉಪ್ಪಿನಕಾಯಿ ಹಾಕತಿ." ಅದೇ ಅವಳು ನನಗೆ ಆಡಿದ ಕೊನೆಯ ಮಾತು. ನೋಡಿ, ಹೋಗುವಾಗಲೂ ಮೇಲುಗೈ ಅವಳದೇ.

ಈಗ ಮೊನ್ನೆಯದು. ಗರಡಿಯನ್ನು ಈಗ ಅಕ್ಕನ ಮಗ ನಡೆಸುತ್ತಾನೆ. ಮೊದಲ ಸಲ ಹೆಣ್ಣುಮಕ್ಕಳ ಕುಸ್ತಿ ಇಟ್ಟಿದ್ದ, ರವಿವಾರ ಬೆಳಗ್ಗೆ. ಅದರ ಹಿಂದಿನ ವಾರ ಟೆನಿಸ್ ಬಾಲ್ ಕ್ರಿಕೆಟ್ಟಿನ ಫೈನಲ್ ಇತ್ತು. ಮಳೆ ಬಂದು ಆಟ ನಿಂತಿತು. ಕ್ರಿಕೆಟ್ಟಿನವರು ಯಾರನ್ನೂ ಕೇಳದೆ ಅದನ್ನು ಈ ರವಿವಾರಕ್ಕೆ ತಳ್ಳಿದರು. ಶನಿವಾರ ಸಂಜೆ ಬ್ಯಾನರ್ ಕಟ್ಟಿದ ಮೇಲೆ ನಮಗೆ ಗೊತ್ತಾದದ್ದು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಆದರೂ ಅದೇ ಹಣೆಬರಹ.

ಅಕ್ಕನ ಮಗ ಅಕ್ಕನ ಹಾಗಲ್ಲ, ಬಹಳ ಮೆತ್ತಗೆ. "ಹೋಗಲಿ ಬಿಡ್ರಿ ಕಾಕು, ಮತ್ಯಾವಾಗರ ಮಾಡೂಣು" ಅಂದ. ಮುಧೋಳ, ಬೀಳಗಿಯ ಹುಡುಗಿಯರು ಬೆಳಗ್ಗೆ ಮೊದಲ ಬಸ್ಸಿಗೆ ಬರುವವರಿದ್ದರು. ಮೊಮ್ಮಗಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಮಜ್ಜಿಗೆ ಹೇಗೂ ಇತ್ತು. ಕೊಡ ಈಗ ಕೂಸಿನದು, ಈ ಸಲ ಕಣಕ್ಕೆ ನೀನೇ ಹೊಯ್ಯಬೇಕು ಆಯಿ ಎಂದು ಅದು ಹೇಳಿತ್ತು, ನಾನು ಮೊದಲೇ ಹುಳಿಗೆ ಇಟ್ಟಿದ್ದೆ. ಬೆಳಗ್ಗೆ ಆ ತಾಮ್ರದ ಕೊಡ ಸೊಂಟದ ಮೇಲಿಟ್ಟುಕೊಂಡು ಮೈದಾನಕ್ಕೆ ನಡೆದೆ. ಸೊಂಟ ನೋಯಿತು, ಅಲ್ಲಲ್ಲಿ ಕೂತೆ, ಆದರೂ ಯಾರ ಕೈಗೂ ಕೊಡಲಿಲ್ಲ. ಕ್ರಿಕೆಟ್ ಹುಡುಗರು ಆಗಲೇ ಸ್ಟಂಪು ನೆಡುತ್ತಿದ್ದರು.

"ಆಯಿ, ಅತ್ಲಾಗ ಸರಿ, ಅಲ್ಲಿ ಫೀಲ್ಡರ್ ನಿಂದರತಾನ!"

ನಾನು ಸರಿಯಲಿಲ್ಲ. ಕೊಡ ಬಗ್ಗಿಸಿ ಕಣಕ್ಕೆಲ್ಲ ಮಜ್ಜಿಗೆ ಹೊಯ್ದೆ. ಹುಡುಗರು ಓಡಿಬಂದರು.

"ಏ ಆಯಿ! ಏನ ಮಾಡಿದಿ ನೀ?"

"ಕಣ ತೆರೀತ್ರೋ. ಇನ್ನ ಬೂಟ ಹಾಕ್ಕೊಂಡು ಇದರ ಮ್ಯಾಲ ಹಾದ ಹೋಗವರ ಯಾರ ಅದೀರಿ ನೋಡೂಣು. ನಿನ್ನ ಮುತ್ಯಾ ಇದ ಮಣ್ಣಾಗ ಮೀಸಿ ತಿರುವಿದಾಂವ. ಹಾಯತಿ ಏನ? ಹಾಯ!"

ಕ್ಯಾಪ್ಟನ್ ಹುಡುಗ ಬೂಟನ್ನು ಕಣದ ಅಂಚಿನವರೆಗೆ ತಂದ. ನನ್ನನ್ನು ನೋಡಿದ, ಮಣ್ಣನ್ನು ನೋಡಿದ. ಬೂಟು ಹಿಂದಕ್ಕೆ ಹೋಯಿತು. "ಮಧ್ಯಾಹ್ನ ಮ್ಯಾಲ ಆಡೂಣ ಬಿಡ್ರಲೇ," ಅಂದ. ಅವರೆಲ್ಲ ಬ್ಯಾಟು ಪಕ್ಕಕ್ಕಿಟ್ಟು ಕಣದ ಸುತ್ತ ಕೂತರು. ನನ್ನ ಮೊಮ್ಮಗಳು ಮುಧೋಳದವಳನ್ನು ಕೆಡವಿದಾಗ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದವರು ಅವರೇ. ನನ್ನ ಕೂಸು! ಆ ಕಾಲು, ಆ ಸೊಂಟ, ಕಣ್ಣು ಎದುರಾಳಿಯ ಎದೆಯ ಮೇಲೆ... ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯದು.

ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ನನ್ನ ಕಡೆ ವಾಲಿ ಹೇಳಿದ, "ಖರೆ ಹೇಳಲೇನ ತಂಗಿ? ನಿನ್ನ ಕೊಡ, ಕೂಸಿನ ಪಟ್ಟು, ಎಲ್ಲಾ ಎದುರುಮನಿ ಅಕ್ಕನ್ನ ನೋಡಿದಂಗಾತು." ಅವನ ಬಾಯಿಗೆ ಅದೇ ಮಣ್ಣು ಹಾಕಬೇಕು ಅನ್ನಿಸಿತು.

ಕೂಸು ಓಣಿಗೆ ಬಂದಾಗ ನಾನು ಹೊಸ್ತಿಲ ಮೇಲೆ ನಿಂತಿದ್ದೆ, ಕಾಲು ಮುಂದಿಟ್ಟು. ಅದು ನೆಟ್ಟಗೆ ಎದುರುಮನೆಗೆ ಹೋಯಿತು. ಅಕ್ಕ ಕೂರುತ್ತಿದ್ದ ಕಟ್ಟೆಗೆ ಹಣೆ ಹಚ್ಚಿತು. ಆಮೇಲೆ ತಿರುಗಿ ಓಡಿಬಂದು ನನ್ನ ಕೊರಳಿಗೆ ಬಿತ್ತು. ಮಗನೂ ಹಾಗೇ, ಮಗನ ಮಗಳೂ ಹಾಗೇ. ಕಟ್ಟೆಯ ಕಲ್ಲಿನ ಮೇಲೆ ಕೂಸಿನ ಹಣೆಯ ಕೆಂಪು ಮಣ್ಣು ಅಂಟಿತ್ತು. ಅದನ್ನೇ ನೋಡುತ್ತ ನಿಂತೆ. ಅವಳು ಅಲ್ಲಿ ಕೂತಿದ್ದರೆ ಕೂಸಿನ ಬೆನ್ನಿಗೆ ಗುದ್ದಿ, ಮೊದಲ ನಿಮ್ಮಾಯಿ ಕಾಲ ಹಿಡಿ ಅನ್ನುತ್ತಿದ್ದಳು. ಹಾಗೆ ಹೇಳುವವರು ಈಗ ಯಾರೂ ಇಲ್ಲ.

ಸಂಜೆ ಬಚ್ಚಲಲ್ಲಿ ಕೊಡ ತೊಳೆಯಲು ಕೂತೆ. ಮೊಮ್ಮಗಳು ತಲೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಿತು.

"ಆಯಿ, ದೊಡ್ಡಾಯಿ ಇದ್ದಿದ್ರ ಇವತ್ತ ಏನ ಅಂತಿದ್ಲ?"

"ಏನ ಅಂತಿದ್ಲ? ಮಜ್ಜಿಗಿ ಇನ್ನೂ ಹುಳಿ ಬರಬೇಕಿತ್ತು ಅಂತಿದ್ಲ."

ಕೂಸು ನಗುತ್ತ ಎದ್ದು ಹೋಯಿತು. ಕೊಡದ ತಳದಲ್ಲಿ ಸ್ವಲ್ಪ ಉಳಿದಿತ್ತು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಮತ್ತೊಂದು ಸಲ ಇಟ್ಟುಕೊಂಡೆ.

ಖರೆ. ಇನ್ನೊಂದು ದಿನ ಇಡಬೇಕಿತ್ತು...